ಅಪ್ಪಂಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಕೊನೇ ಹಂತ, ಗಾಂಜಾ ಎಣ್ಣೆ ಕೊಡ್ಬೋದಾ?

ತೆಂಗಿನತೋಟ

ಎಲ್ರಿಗೂ ನಮಸ್ಕಾರ. ಇಲ್ಲಿ ಬರಿಯೋದಾ ಬೇಡ್ವಾ ಅಂತ ಎರಡು ದಿನ ಯೋಚ್ನೆ ಮಾಡಿ ಬರೀತಿದೀನಿ, ತಪ್ಪಿದ್ರೆ ಕ್ಷಮಿಸಿ.

ನಮ್ಮಪ್ಪಂಗೆ 67 ವರ್ಷ. ತಿಪಟೂರು ಹತ್ರ ತೋಟ ನೋಡ್ಕೊಂಡು ಇದ್ದವ್ರು. ದೀಪಾವಳಿ ಟೈಮಲ್ಲಿ ಹೊಟ್ಟೆನೋವು ಅಂತ ಶುರುವಾಯ್ತು, ಗ್ಯಾಸ್ಟ್ರಿಕ್ ಇರ್ಬೇಕು ಅಂತ ಎರಡು ತಿಂಗಳು ಮಾತ್ರೆ ನುಂಗಿದ್ರು, ಆಮೇಲೆ ಕಣ್ಣು ಹಳದಿ ಆಯ್ತು, ಸ್ಕ್ಯಾನ್ ಮಾಡ್ಸಿದ್ರೆ ಪ್ಯಾಂಕ್ರಿಯಾಸ್ ಕ್ಯಾನ್ಸರು, ಲಿವರ್‌ಗೂ ಹರಡಿದೆ ಅಂದ್ರು. ಸ್ಟೆಂಟ್ ಹಾಕಿದ್ರು, ಮೂರು ಕೀಮೋ ಆಯ್ತು, ದೇಹ ತಡ್ಕೊಳ್ಲಿಲ್ಲ. ಈಗ ಡಾಕ್ಟ್ರು ಇನ್ನು ನಾವು ಮಾಡೋದೇನಿಲ್ಲ, ಮನೇಲಿ ಚೆನ್ನಾಗಿ ನೋಡ್ಕೊಳಿ ಅಂತ ಕಳ್ಸಿದಾರೆ. ಕೊಟ್ಟಿರೋದು ನೋವಿಗೆ ಟ್ರಮಡಾಲ್ ಮಾತ್ರೆ, ಪ್ಯಾರಸಿಟಮಾಲ್, ವಾಂತಿಗೆ ಒಂದು ಮಾತ್ರೆ, ಅಷ್ಟೇ.

ನೋವು ಹೊಟ್ಟೆಯಿಂದ ಬೆನ್ನಿಗೆ ಹೊಡಿಯುತ್ತೆ. ಮಲಗಕ್ಕಾಗಲ್ಲ, ಮುಂದಕ್ಕೆ ಬಾಗಿ ದಿಂಬು ಅಪ್ಕೊಂಡು ರಾತ್ರಿಯೆಲ್ಲ ಕೂತಿರ್ತಾರೆ. ಊಟ ಅಂದ್ರೆ ಎರಡು ಚಮಚ ಗಂಜಿ, ಅದೂ ಬಲವಂತಕ್ಕೆ. ಜೀವಮಾನದಲ್ಲಿ ಒಂದು ದಿನ ಅಯ್ಯೋ ಅಂದವ್ರಲ್ಲ ನಮ್ಮಪ್ಪ, ಮೊನ್ನೆ ರಾತ್ರಿ ನನ್ ಕೈ ಹಿಡ್ಕೊಂಡು ಸಾಕು ಕಣೋ ಅಂದ್ರು.

ನನ್ ಭಾವಮೈದ ಯಾರೋ ಹಿಮಾಚಲದಿಂದ ತಂದಿದ್ದು ಅಂತ ಒಂದು ಸಣ್ಣ ಬಾಟ್ಲಿ ತಂದಿದಾನೆ, ಕಪ್ಪಗೆ ಬೆಲ್ಲದ ಪಾಕದ ಥರ ಇದೆ, ಗಾಂಜಾ ಎಣ್ಣೆ ಅಂತೆ, 6,000 ರೂಪಾಯಿ ಕೊಟ್ಟಿದಾನೆ. ವಾಟ್ಸಾಪಲ್ಲಿ ಒಂದು ವಿಡಿಯೋನೂ ಕಳ್ಸಿದ, 90 ದಿನ ಕೊಟ್ರೆ ಗೆಡ್ಡೆನೇ ಕರಗುತ್ತೆ ಅಂತ. ನಂಗೆ ಅದ್ರಲ್ಲಿ ನಂಬಿಕೆ ಇಲ್ಲ, ಆದ್ರೆ ನೋವಾದ್ರೂ ಕಮ್ಮಿ ಆಗುತ್ತೇನೋ, ಎರಡು ತುತ್ತು ಉಣ್ತಾರೇನೋ ಅಂತ ಆಸೆ. ಅಮ್ಮ ಒಪ್ತಿಲ್ಲ, ಹೋಗೋ ಟೈಮಲ್ಲಿ ಅವ್ರಿಗೆ ಗಾಂಜಾ ಕೊಟ್ರು ಅಂತ ಜನ ಆಡ್ಕೊಳಲ್ವಾ ಅಂತಾರೆ. ಪೊಲೀಸ್ ಭಯ ಬೇರೆ. ಗೊತ್ತಿರೋರು ದಯವಿಟ್ಟು ಹೇಳಿ. ಬೇಗ ಹೇಳಿ.

ಸಿಸ್ಟರ್_ಮೈಸೂರು

ನಾನು ಹನ್ನೊಂದು ವರ್ಷದಿಂದ ಪ್ಯಾಲಿಯೇಟಿವ್ ಕೇರಲ್ಲಿ, ಅಂದ್ರೆ ಗುಣ ಆಗದ ರೋಗಿಗಳ ನೋವು ಕಮ್ಮಿ ಮಾಡೋ ಆರೈಕೆಯಲ್ಲಿ, ನರ್ಸು, ಮನೆಮನೆಗೆ ಹೋಗಿ ಇಂಥ ರೋಗಿಗಳನ್ನ ನೋಡೋದೇ ಕೆಲ್ಸ. ನಿಮ್ ಪೋಸ್ಟ್ ಓದಿ ಮೊದಲು ತಲೆಗೆ ಬಂದಿದ್ದು ಗಾಂಜಾ ಅಲ್ಲ. ಈ ಮನುಷ್ಯಂಗೆ ಇನ್ನೂ ಯಾಕೆ ಮಾರ್ಫಿನ್ ಶುರು ಮಾಡಿಲ್ಲ ಅನ್ನೋದು.

ಟ್ರಮಡಾಲ್‌ಗೆ ಒಂದು ಮಿತಿ ಇದೆ, ದಿನಕ್ಕೆ 400 ಮಿಲಿಗ್ರಾಂ ದಾಟಂಗಿಲ್ಲ. ಪ್ಯಾಂಕ್ರಿಯಾಸ್ ನೋವಿಗೆ ಅದು ಎಷ್ಟೋ ಸಲ ಸಾಲಲ್ಲ, ಯಾಕಂದ್ರೆ ಆ ಗೆಡ್ಡೆ ಹಿಂದೆ ಬೆನ್ನಿನ ಹತ್ರ ಇರೋ ನರದ ಗಂಟನ್ನೇ ಹಿಡ್ಕೊಳುತ್ತೆ, ಅದಕ್ಕೇ ನಿಮ್ ತಂದೆ ಮುಂದಕ್ಕೆ ಬಾಗಿ ಕೂರೋದು. ಬಾಯಿಂದ ಕೊಡೋ ಮಾರ್ಫಿನ್ ಮಾತ್ರೆಗೆ ಆ ಥರ ಗೆರೆ ಇಲ್ಲ, ನೋವು ನೋಡ್ಕೊಂಡು ಡಾಕ್ಟ್ರು ಏರಿಸ್ತಾ ಹೋಗ್ಬೋದು. ನಾಲ್ಕು ಗಂಟೆಗೊಂದ್ಸಲ ಗಡಿಯಾರ ನೋಡಿ ಕೊಡೋದು, ನೋವು ಬಂದ್ಮೇಲೆ ಕೊಡೋದಲ್ಲ. ಜೊತೆಗೆ ಮಲಬದ್ಧತೆಗೆ ಮೊದಲನೇ ದಿನದಿಂದಾನೇ ಮಾತ್ರೆ ಬೇಕೇ ಬೇಕು, ಅದೊಂದು ಮರೆತ್ರೆ ನೋವಿಗಿಂತ ಅದೇ ದೊಡ್ಡ ಹಿಂಸೆ ಆಗುತ್ತೆ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರುತ್ತೆ, ಆಮೇಲೆ ಇಳಿಯುತ್ತೆ. ಮಾರ್ಫಿನ್ ಅಂದ್ರೆ ಸಾಯ್ಸೋ ಔಷಧಿ, ಚಟ ಹಿಡಿಯುತ್ತೆ ಅಂತ ಮನೆಯವ್ರು ಹೆದರ್ತಾರೆ. ನೋವಿರೋರಿಗೆ ಸರಿಯಾದ ಅಳತೇಲಿ ಕೊಟ್ರೆ ಆಯಸ್ಸು ಕಮ್ಮಿ ಆಗಲ್ಲ. ರಾತ್ರಿಯೆಲ್ಲ ಕೂತೇ ಇರೋರು ಮಲಗ್ತಾರೆ.

ಮಾರ್ಫಿನ್ ಸಿಗಲ್ಲ ಯಾಕೆ ಅಂದ್ರೆ ಅದೂ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆದೇ ಕಥೆ. 1985ರಲ್ಲಿ ಆ ಕಾಯ್ದೆ ಬಂದ್ಮೇಲೆ ಒಂದು ಮಾತ್ರೆ ಇಟ್ಕೊಳಕ್ಕೆ ನಾಲ್ಕೈದು ಲೈಸೆನ್ಸು ಅನ್ನೋ ಹಂಗಾಗಿ ಆಸ್ಪತ್ರೆಗಳು ಇಟ್ಕೊಳೋದನ್ನೇ ಬಿಟ್ವು, ಒಂದು ತಲೆಮಾರಿನ ಡಾಕ್ಟ್ರುಗಳು ಮಾರ್ಫಿನ್ ಬರೆದೇ ಇಲ್ಲ. 2014ರಲ್ಲಿ ತಿದ್ದುಪಡಿ ಆಗಿ ಸುಲಭ ಆಗಿದೆ, ಈಗ ಮಾನ್ಯತೆ ಇರೋ ಆಸ್ಪತ್ರೆಗಳು ಇಟ್ಕೊಂಡು ಕೊಡ್ಬೋದು. ಬೆಂಗಳೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಪೇನ್ ಅಂಡ್ ಪ್ಯಾಲಿಯೇಟಿವ್ ವಿಭಾಗ ಅಂತ ಕೇಳಿ. ವರ್ತೂರು ರೋಡಲ್ಲಿ ಕರುಣಾಶ್ರಯ ಅಂತ ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನ ನೋಡ್ಕೊಳೋ ಜಾಗ ಇದೆ, ಅಲ್ಲಿ ದುಡ್ಡೇ ತಗೊಳಲ್ಲ. ಅಪ್ಪನ್ನ ಕರ್ಕೊಂಡೋಗಕ್ಕೆ ಆಗ್ದಿದ್ರೆ ಮೊದಲು ನೀವು ರಿಪೋರ್ಟ್ ಎಲ್ಲ ತಗೊಂಡು ಹೋಗಿ ಮಾತಾಡಿ. ಇನ್ನೊಂದು, ಆ ನರದ ಗಂಟಿಗೆ ಸೂಜಿ ಹಾಕಿ ನೋವನ್ನೇ ಕಟ್ ಮಾಡೋ ಬ್ಲಾಕ್ ಇದೆ, ಸೀಲಿಯಾಕ್ ಪ್ಲೆಕ್ಸಸ್ ಬ್ಲಾಕ್ ಅಂತ. ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗೆ ಬಹಳ ಉಪಯೋಗ. ಆ ಹೆಸರು ಬರ್ಕೊಂಡು ಹೋಗಿ ಡಾಕ್ಟ್ರನ್ನ ಕೇಳಿ.

ಈಗ ಆ ಬಾಟ್ಲಿ. ದಯವಿಟ್ಟು ಕೊಡ್ಬೇಡಿ. ಗಾಂಜಾ ಅನ್ನೋ ಕಾರಣಕ್ಕಲ್ಲ. ಅದ್ರಲ್ಲಿ ಏನಿದೆ, ಎಷ್ಟಿದೆ ಅಂತ ಮಾರಿದವನಿಗೂ ಗೊತ್ತಿರಲ್ಲ. ಬಾಯಿಂದ ತಗೊಂಡ್ರೆ ಅದು ಹತ್ತಕ್ಕೆ ಒಂದೆರಡು ಗಂಟೆ ಬೇಕು, ಏನೂ ಆಗ್ಲಿಲ್ಲ ಅಂತ ಮನೆಯವ್ರು ಇನ್ನೊಂದು ಹನಿ ಕೊಡ್ತಾರೆ, ಆಮೇಲೆ ಎರಡೂ ಸೇರಿ ಏರುತ್ತೆ. ಒಂದ್ಮನೇಲಿ ಒಬ್ಬ ಅಜ್ಜಿಗೆ ಹಂಗೆ ಕೊಟ್ಟಿದ್ರು, ಒಂದೂವರೆ ದಿನ ಆಕೆ ರೂಮಲ್ಲಿ ಯಾರೋ ನಿಂತಿದಾರೆ ಅಂತ ಕಿರುಚಿ, ಎದ್ದು ಬಿದ್ದು, ಸೊಂಟ ಮುರ್ಕೊಂಡ್ರು. ಆಕೆಗಿದ್ದಿದ್ದೇ ಮೂರು ವಾರ. ಅದ್ರಲ್ಲಿ ಒಂದು ವಾರ ಆ ಮುರಿದ ಸೊಂಟದ ನೋವಲ್ಲೇ ಹೋಯ್ತು.

ಕೊನೇದಾಗಿ, ನಿಮ್ ಭಾವಮೈದ, ಅಮ್ಮ, ನೀವು, ಮೂರು ಜನದ ಅಭಿಪ್ರಾಯ ಬರ್ದಿದೀರಿ. ಅಪ್ಪನ್ನ ಕೇಳಿದೀರಾ? ಅವ್ರಿಗೆ ಎಲ್ಲಕ್ಕಿಂತ ಜಾಸ್ತಿ ಯಾವುದು ಕಷ್ಟ ಆಗ್ತಿದೆ ಅಂತ?

ಸಾನ್ಹೋಸೆ_ಶೆಟ್ರು

ಸಿಸ್ಟರ್ ಹೇಳಿದ್ದು ಪೂರ್ತಿ ಒಪ್ತೀನಿ, ಆದ್ರೆ ಇನ್ನೊಂದು ಮಗ್ಗುಲೂ ಹೇಳ್ಬೇಕು ಅನ್ಸ್ತು, ಯಾಕಂದ್ರೆ ಇದೇ ಕಾಯಿಲೆ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಯಾನ್ಸ್ ಲಾ ಅಂತ ಒಂದು ಕಾನೂನಿದೆ. ರಯಾನ್ ಬಾರ್ಟೆಲ್ ಅಂತ, ಅವ್ನಿಗೂ ಪ್ಯಾಂಕ್ರಿಯಾಸ್ ಕ್ಯಾನ್ಸರೇ. ಆಸ್ಪತ್ರೇಲಿ ಮಾರ್ಫಿನ್ ಆಮೇಲೆ ಫೆಂಟನಿಲ್ ಅನ್ನೋ ಇನ್ನೂ ಬಲವಾದ ನೋವಿನ ಔಷಧಿ ಕೊಟ್ಟು ದಿನವಿಡೀ ನಿದ್ದೇಲೇ ಇರ್ತಿದ್ದ, ಹೆಂಡ್ತಿ ಮಗನ ಜೊತೆ ಮಾತಾಡಕ್ಕೂ ಎಚ್ಚರ ಇಲ್ಲ. ಅವ್ರಪ್ಪ ಗಾಂಜಾ ಕೊಡಿ ಅಂದ್ರೆ ಆಸ್ಪತ್ರೆಯವ್ರು ಆಗಲ್ಲ ಅಂದ್ರು, ಈ ರಾಜ್ಯದಲ್ಲಿ 1996ರಿಂದ ಔಷಧಿಯಾಗಿ ಕಾನೂನುಬದ್ಧ ಆಗಿದ್ರೂ ಕೇಂದ್ರ ಸರ್ಕಾರದ ಕಾನೂನಿಗೆ ಹೆದರಿ. ಕೊನೆಗೆ ಬೇರೆ ಆಸ್ಪತ್ರೆಗೆ ಕರ್ಕೊಂಡೋಗಿ ಅಲ್ಲಿ ಕೊಟ್ಮೇಲೆ ಎಚ್ಚರ ಇದ್ದು, ಮಾತಾಡ್ಕೊಂಡು, 2018ರಲ್ಲಿ ತೀರ್ಕೊಂಡ. ಅವ್ರಪ್ಪ ಓಡಾಡಿ ಓಡಾಡಿ 2021ರಲ್ಲಿ ಕಾನೂನು ಮಾಡ್ಸಿದ್ರು, 2022 ಜನವರಿಯಿಂದ ಜಾರಿ. ಸಾಯೋ ಹಂತದ ರೋಗಿಗೆ ಆಸ್ಪತ್ರೆ ಒಳಗೆ ಗಾಂಜಾ ಔಷಧಿಗೆ ಬಿಡ್ಬೇಕು, ಸೇದೋದು, ವೇಪ್ ಮಾಡೋದು ಮಾತ್ರ ಇಲ್ಲ.

ನಮ್ಮತ್ತೆ ಹೋದ ವರ್ಷ ಇಲ್ಲೇ ಹಾಸ್ಪಿಸ್‌ನಲ್ಲಿ, ಅಂದ್ರೆ ಕೊನೇ ದಿನಗಳ ಆರೈಕೆಯಲ್ಲಿ, ತೀರ್ಕೊಂಡ್ರು, ಶ್ವಾಸಕೋಶದ ಕ್ಯಾನ್ಸರು. ಮಾರ್ಫಿನ್ ನಡೀತಾನೇ ಇತ್ತು, ಅದ್ರ ಜೊತೆ ರಾತ್ರಿ ಎರಡೂವರೆ ಮಿಲಿಗ್ರಾಂದು ಒಂದು ಸಣ್ಣ ಗಾಂಜಾ ಗಮ್ಮಿ (ಅಗಿಯೋ ಮಿಠಾಯಿ), ಹಾಸ್ಪಿಸ್ ನರ್ಸ್‌ಗೆ ಹೇಳಿಯೇ ಕೊಡ್ತಿದ್ವಿ. ನೋವಿಗೆ ಅದು ಏನ್ ಮಾಡ್ತೋ ನಾನ್ ಹೇಳಕ್ಕಾಗಲ್ಲ. ನಿದ್ದೆ ಬಂತು, ಭಯ ಕಮ್ಮಿ ಆಯ್ತು. ಸಾರನ್ನ ಕೇಳಿ ಹಾಕಿಸ್ಕೊಂಡ್ರು, ಅದು ನಿಜ. ಆದ್ರೆ ಇಲ್ಲಿ ಪ್ಯಾಕೆಟ್ ಮೇಲೆ ಎಷ್ಟಿದೆ ಅಂತ ಬರೆದಿರುತ್ತೆ, ಲ್ಯಾಬಲ್ಲಿ ನೋಡಿರ್ತಾರೆ, ನಿಮ್ ಬಾಟ್ಲಿಗೆ ಅದಿಲ್ಲ. ಮತ್ತೆ ಯಾರಾದ್ರೂ ಸಂಬಂಧಿಕರು ಅಮೆರಿಕಾದಿಂದ ತಂದ್ಕೊಡ್ತೀನಿ ಅಂದ್ರೆ ಒಪ್ಕೋಬೇಡಿ. ಏರ್‌ಪೋರ್ಟಲ್ಲಿ ಸಿಕ್ರೆ ಅದು ಔಷಧಿ ಅಂತ ಯಾರೂ ನೋಡಲ್ಲ, ಕೇಸೇ.

ಧಾರವಾಡ_ಮಲ್ಲಪ್ಪ

ತಮ್ಮಾ, ನಾ ಏನೂ ಕಲಿತಾಂವ ಅಲ್ಲ, ಆದ್ರ ಇದ್ರಾಗ ಸುಟ್ಕೊಂಡಾಂವ ಅದೀನಿ, ಅದಕ್ಕ ಹೇಳ್ತೀನಿ.

ನಮ್ಮ ಅಣ್ಣಗ ಬಾಯಿ ಕ್ಯಾನ್ಸರ್ ಆಗಿತ್ತು, ಗುಟ್ಕಾ. ಆಪರೇಷನ್ ಮಾಡಿಸ್ಕೋ ಅಂದ್ರು, ದವಡಿ ತಗೀಬೇಕಾಗ್ತದ ಅಂದ್ರು. ಅಂವ ಹೆದರಿದ. ಆವಾಗ ಒಬ್ಬಾಂವ ಬಂದು ಇದ ಎಣ್ಣಿ, ಇದ ವಿಡಿಯೋ, ನಿಂಗ ಏನ ಹೇಳ್ಯಾರ ನಮಗೂ ಅದ ಹೇಳಿದ್ರು. ನಾವು ನಂಬಿದ್ವಿ. ಐದು ತಿಂಗಳ ಎಣ್ಣಿ ತಿನಿಸಿದ್ವಿ, ದವಾಖಾನಿ ಬಿಟ್ಟ. ಒಂದೂವರಿ ಲಕ್ಷ ಹೋತು, ಅದಿರಲಿ, ರೊಕ್ಕದ್ದಲ್ಲ ಮಾತು. ತಿರುಗಿ ಡಾಕ್ಟರ್ ಕಡೆ ಹೋದಾಗ ಕುತ್ತಿಗಿತನಕ ಬಂದಿತ್ತು, ಇನ್ನ ಆಪರೇಷನ್ ಆಗಂಗಿಲ್ಲ ಅಂದ್ರು. ಅವಾಗ ಆ ಡಾಕ್ಟರಮ್ಮ ನಮ್ಮನ್ನ ಬೈಲಿಲ್ಲ. ಬೈದಿದ್ರ ಛಲೋ ಇತ್ತು ಅನ್ನಿಸ್ತು ನನಗ.

ನಿಮ್ಮ ಅಪ್ಪಾರದು ಬ್ಯಾರೆ, ಅವರಿಗೆ ಆಗೋ ಚಿಕಿತ್ಸಾ ಎಲ್ಲಾ ಆಗೇದ. ಸಮಾಧಾನಕ್ಕ ಕೊಡೋದು ಬ್ಯಾರೆ, ಗುಣ ಆಗ್ತದ ಅಂತ ಕೊಡೋದು ಬ್ಯಾರೆ. ಆದ್ರ ಆ ವಿಡಿಯೋ ಮಾತ್ರ ಅಪ್ಪಾರಿಗೆ ತೋರಸಬ್ಯಾಡ್ರಿ. ನಮ್ಮ ಅಣ್ಣ ಕಡೀ ದಿನದತನಕ ಅದನ್ನ ನೋಡ್ಕೋಂತ ಇದ್ದ. ಮಕ್ಕಳ ಜೋಡಿ ಹೇಳೋದು ಕೇಳೋದು ಎಷ್ಟೋ ಇತ್ತು, ಅಂವ ಮಾತಾಡಲೇ ಇಲ್ಲ, ಯಾಕಂದ್ರ ನಾ ಸಾಯಂಗಿಲ್ಲ ಅಂತ ತಿಳ್ಕೊಂಡಿದ್ದ.

ಮಂದಿ ಆಡ್ಕೋತಾರ ಅನ್ನೋದಕ್ಕ ನಿಮ್ಮ ಅವ್ವಾರಿಗೆ ಹೇಳ್ರಿ, ನಮ್ಮ ಕಡೆ ತಿಂಥಣಿ ಮೌನೇಶ್ವರನ ಜಾತ್ರ್ಯಾಗ ಅದನ್ನ ಪ್ರಸಾದ ಅಂತ ಕಣ್ಣಿಗೊತ್ತಿ ತಗೊಳ್ಳೋ ಭಕ್ತರು ಅದಾರ. ಗಿಡದಾಗ ಪಾಪ ಇಲ್ರಿ, ಸುಳ್ಳು ಹೇಳಿ ಮಾರಾವ್ರಲ್ಲೇ ಅದ.

ವೈದ್ಯೆ_ಹಾಸನ

ನಾನು ಆಯುರ್ವೇದ ವೈದ್ಯೆ. ಕಾನೂನಿನ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಬಹಳ ಜನ ಇದ್ರಲ್ಲಿ ಗೊಂದಲ ಮಾಡ್ಕೊತಾರೆ.

ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಅನ್ನೋದು ಗಿಡದ ಹೂವಿನ ತುದಿ, ಕಾಯಿ ತುದಿಗೆ. ಅಂಟಿಗೆ ಚರಸ್ ಅಂತಾರೆ, ಹಶೀಶ್ ಎಣ್ಣೆನೂ ಅದೇ ಲೆಕ್ಕಕ್ಕೆ ಬರುತ್ತೆ. ಹೂವಿಲ್ಲದೆ ಬರೀ ಎಲೆ, ಬೀಜ ಆದ್ರೆ ಆ ವ್ಯಾಖ್ಯೆಯಿಂದ ಹೊರಗೆ. ನಾವು ಭಂಗಿ ಸೊಪ್ಪು ಅನ್ನೋದು ಇದೇ ಎಲೆ. 2022ರಲ್ಲಿ ನಮ್ಮ ಹೈಕೋರ್ಟೂ ಒಂದು ಜಾಮೀನು ಅರ್ಜಿಯಲ್ಲಿ ಭಂಗಿ ಈ ಕಾಯ್ದೆ ಪ್ರಕಾರ ನಿಷೇಧಿತ ಅಲ್ಲ ಅಂದಿದೆ. ಹಂಗಾಗಿ ನಿಮ್ ಭಾವಮೈದ ತಂದಿರೋ ಕಪ್ಪು ಎಣ್ಣೆ ಹೂವಿಂದೋ ಅಂಟಿಂದೋ ಆಗಿದ್ರೆ, ಹಿಮಾಚಲದ್ದು ಅಂದ್ರೆ ಬಹುಪಾಲು ಹಂಗೇ ಇರುತ್ತೆ, ಕಾನೂನಿನ ಕಣ್ಣಲ್ಲಿ ಅದು ಚರಸ್. ಸಣ್ಣ ಪ್ರಮಾಣ ಆದ್ರೂ ಒಂದು ವರ್ಷದವರೆಗೆ ಜೈಲು ಇದೆ. ಅಪ್ಪಂಗೆ ಔಷಧಿ ಅಂದ್ರೂ ಬಿಡುಗಡೆ ಇಲ್ಲ.

ಎಲೆಯಿಂದ ಮಾಡಿದ್ದು ಆಯುರ್ವೇದದಲ್ಲಿ ವಿಜಯಾ. ಹೊಸದೇನಲ್ಲ, ಶಾರ್ಙ್ಗಧರ ಸಂಹಿತೆಯಲ್ಲೇ ಬೇಗ ಮೈಗೆಲ್ಲ ವ್ಯಾಪಿಸೋ ದ್ರವ್ಯಕ್ಕೆ ಉದಾಹರಣೆ ಅಂತ ಭಂಗ, ಅಹಿಫೇನ (ಅಫೀಮು) ಎರಡನ್ನೂ ಒಟ್ಟಿಗೆ ಹೇಳಿದಾರೆ. ಜಾತಿಫಲಾದಿ ಚೂರ್ಣದಲ್ಲಿ ಇದೆ, ಹೊಟ್ಟೆ ಕೆಟ್ಟವ್ರಿಗೆ ಈಗ್ಲೂ ಕೊಡ್ತೀವಿ. ಔಷಧ ಕಾಯ್ದೆಯ ವಿಷದ್ರವ್ಯಗಳ ಪಟ್ಟಿಯಲ್ಲಿ ಇದು ಇರೋದ್ರಿಂದ ವೈದ್ಯರ ಮೇಲ್ವಿಚಾರಣೆ ಬೇಕೇ ಬೇಕು. ಲೈಸೆನ್ಸ್ ಇರೋ ಕಂಪ್ನಿಗಳು ವಿಜಯಾ ಎಲೆಯ ಸಾರ ಎಣ್ಣೆಯಲ್ಲಿ ಹಾಕಿ ಮಾರ್ತಾರೆ, ವೈದ್ಯರ ಚೀಟಿ ಇದ್ರೆ ತಗೋಬೋದು. ಬ್ಯಾಚ್ ನಂಬರು, ಅಮಲು ಬರ್ಸೋ ಟಿಎಚ್‌ಸಿ ಅಂಶ ಎಷ್ಟು ಅಂತ ಲ್ಯಾಬ್ ರಿಪೋರ್ಟ್ ಕೇಳಿ, ಕೊಡಲ್ಲ ಅಂದ್ರೆ ಆ ಮಾಲು ಬೇಡ.

ನಾನು ಕ್ಯಾನ್ಸರ್ ರೋಗಿಗಳಿಗೆ ಬರೀತೀನಿ, ಆದ್ರೆ ಕೆಲವ್ರಿಗೆ ಮಾತ್ರ. ನಿದ್ದೆ ಇಲ್ಲದವ್ರಿಗೆ, ಊಟ ಕಂಡ್ರೆ ವಾಕರಿಕೆ ಅನ್ನೋರಿಗೆ. ಗೆಡ್ಡೆ ಕರಗ್ಸಕ್ಕೆ ಅಂತ ಬಂದ್ರೆ ವಾಪಸ್ ಕಳಿಸ್ತೀನಿ. ಹೃದಯದ ತೊಂದ್ರೆ ಇದ್ಯಾ, ಹಿಂದೆ ಮಾನಸಿಕ ಕಾಯಿಲೆ ಇತ್ತಾ, ರಕ್ತ ತೆಳು ಮಾಡೋ ವಾರ್ಫರಿನ್ ತಗೊತಿದಾರಾ, ಇಷ್ಟು ಕೇಳದೆ ಯಾರಾದ್ರೂ ಬರ್ಕೊಟ್ರೆ ಅವ್ರ ಹತ್ರ ಹೋಗ್ಬೇಡಿ. ನಿಮ್ ತಂದೆಗೆ ಲಿವರ್ ಬೇರೆ ಕೆಟ್ಟಿದೆ, ಔಷಧಿ ದೇಹದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೆ. ಏನೇ ಕೊಟ್ರೂ ಪ್ಯಾಲಿಯೇಟಿವ್ ಡಾಕ್ಟ್ರಿಗೆ ಮುಚ್ಚಿಡ್ಬೇಡಿ.

ಕಾರ್ತಿಕ್_ಬಿಎಲ್‌ಆರ್

ಎಲ್ರೂ ಹುಷಾರು ಹುಷಾರು ಅಂತಿದೀರಿ, ಸರಿ. ಆದ್ರೆ ನಂಗೆ ಸಿಟ್ಟು ಬರೋದು ಇದಕ್ಕೆ: ಮೂಲೆಮೂಲೇಲಿ ಬಾರ್ ತೆಗಿಯೋಕೆ ಲೈಸೆನ್ಸ್ ಕೊಡ್ತೀವಿ, ಇನ್ನೊಂದ್ ತಿಂಗಳು ಬದುಕೋ ಮನುಷ್ಯಂಗೆ ಒಂದು ಗಿಡದ ಹೂವು ಕೊಟ್ರೆ ಜೈಲು ಅಂತೀವಿ. ಗಾಂಜಾನ ಸಾಯೋ ರೋಗಿಯ ಸಮಾಧಾನಕ್ಕೆ ಆಧುನಿಕ ವೈದ್ಯರು ಕೊಟ್ಟು ಬರೆದಿಟ್ಟಿದ್ದೇ ನಮ್ ದೇಶದಲ್ಲಿ, ಕಲ್ಕತ್ತಾ ಮೆಡಿಕಲ್ ಕಾಲೇಜಿನ ಓಶಾನಸಿ ಅನ್ನೋ ಡಾಕ್ಟ್ರು 1839ರಲ್ಲೇ ಬರೆದಿದಾರೆ. ಹುಚ್ಚುನಾಯಿ ಕಚ್ಚಿದ ಒಬ್ಬ ರೋಗಿ, ನೀರು ಕಂಡ್ರೇ ನಡುಗೋನು, ಗಾಂಜಾ ಅಂಟು ಕೊಟ್ಮೇಲೆ ಶಾಂತ ಆಗಿ ಒಂಚೂರು ನುಂಗಕ್ಕೂ ಆಯ್ತು. ಉಳೀಲಿಲ್ಲ, ಆದ್ರೆ ಆ ಭೀಕರ ಒದ್ದಾಟ ಇಲ್ದೆ ಹೋದ. 2020 ಡಿಸೆಂಬರಲ್ಲಿ ವಿಶ್ವಸಂಸ್ಥೆ ಆಯೋಗ ಗಾಂಜಾನ ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗ್ದಾಗ ಭಾರತನೂ ಪರವಾಗೇ ವೋಟ್ ಹಾಕಿದೆ. ಅಲ್ಲಿ ಔಷಧಿ ಅಂತ ಕೈ ಎತ್ತಿ ಇಲ್ಲಿ ಬಂದು ರೋಗಿಗೆ ಕೊಡಕ್ಕೆ ದಾರಿ ಮಾಡ್ದೆ ಇದ್ರೆ ಹೆಂಗೆ? ಸರಿಯಾದ ದಾರಿ ಇಲ್ದೆ ಇರೋದ್ರಿಂದ್ಲೇ ಜನ ಆ ಕಪ್ಪು ಬಾಟ್ಲಿ ಹಿಂದೆ ಹೋಗೋದು.

ಸಿಸ್ಟರ್_ಮೈಸೂರು

ಕಾರ್ತಿಕ್ ಅವ್ರೆ, ನಿಮ್ ಸಿಟ್ಟಲ್ಲಿ ನ್ಯಾಯ ಇದೆ. ಸಾಯೋ ಮನುಷ್ಯನ ಮಂಚದ ಹತ್ರ ಪೊಲೀಸ್ ಭಯ ಇರ್ಬಾರ್ದು. ಆದ್ರೆ ಔಷಧಿಯಾಗಿ ಎಷ್ಟು ಕೆಲ್ಸ ಮಾಡುತ್ತೆ ಅನ್ನೋದೂ ಹೇಳ್ಬೇಕಲ್ವಾ. ವಾಂತಿಗೆ ಕೆಲ್ಸ ಮಾಡುತ್ತೆ, ಅದಕ್ಕೆ ಟಿಎಚ್‌ಸಿ ಮಾತ್ರೆ ಅಮೆರಿಕಾದಲ್ಲಿ 1985ರಿಂದಾನೇ ಇದೆ, ಕೀಮೋ ವಾಂತಿಗೆ. ಮಾರ್ಫಿನ್‌ಗೂ ಬಗ್ಗದ ಕ್ಯಾನ್ಸರ್ ನೋವಿಗೆ ಸ್ಯಾಟಿವೆಕ್ಸ್ ಅನ್ನೋ ಗಾಂಜಾ ಸ್ಪ್ರೇ ದೊಡ್ಡ ಟ್ರಯಲ್‌ಗಳಲ್ಲಿ ನೋಡಿದ್ರು, ಅಂದ್ಕೊಂಡಷ್ಟು ಆಗ್ಲಿಲ್ಲ. ಆಸ್ಟ್ರೇಲಿಯಾದಲ್ಲಿ ಕೊನೇ ಹಂತದ 144 ಕ್ಯಾನ್ಸರ್ ರೋಗಿಗಳಿಗೆ ಅರ್ಧ ಜನಕ್ಕೆ ಗಾಂಜಾದ ಅಮಲಿಲ್ಲದ ಅಂಶ ಸಿಬಿಡಿ ಇರೋ ಎಣ್ಣೆ, ಅರ್ಧ ಜನಕ್ಕೆ ಬರೀ ಎಣ್ಣೆ ಕೊಟ್ಟು ನೋಡಿದ್ರು, 2023ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿಗೆ ಸಮಾಧಾನ ಸಿಕ್ತು, ಎಣ್ಣೆಯಿಂದ ವ್ಯತ್ಯಾಸ ಏನೂ ಕಾಣ್ಲಿಲ್ಲ. ಇಬ್ರಿಗೂ ಸಿಕ್ಕಿದ್ದು ಒಳ್ಳೆ ಪ್ಯಾಲಿಯೇಟಿವ್ ಕೇರು. ನಂಗೆ ಆ ಫಲಿತಾಂಶ ಓದಿದಾಗ ನಮ್ ಹಳ್ಳಿ ಮನೆಗಳೇ ಕಣ್ಮುಂದೆ ಬಂದ್ವು, ಯಾಕಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಆ ಮೊದಲನೇದೇ ಸಿಕ್ಕಿರಲ್ಲ.

ತೆಂಗಿನತೋಟ

ಒಂಬತ್ತು ದಿನ ಆದ್ಮೇಲೆ ಬರೀತಿದೀನಿ. ಎಲ್ರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ.

ಸಿಸ್ಟರ್, ಅವತ್ತು ರಾತ್ರಿನೇ ಅಪ್ಪನ್ನ ಕೇಳ್ದೆ. ಅಲ್ಲಿ ತನಕ ಯಾರೂ ಕೇಳಿರ್ಲಿಲ್ಲ, ನಿಜ. ಸುಮಾರು ಹೊತ್ತು ಸುಮ್ನಿದ್ದು, ಊಟದ ಬಗ್ಗೆ ನಿಮಗೇ ಚಿಂತೆ, ನಂಗೆ ಹಸಿವೇ ಇಲ್ಲ, ಬಲವಂತ ಮಾಡ್ಬೇಡಿ ಅಂದ್ರು. ನಂಗೆ ಬೆನ್ನು ಊರಿ ಮಲಗ್ಬೇಕು, ಆಮೇಲೆ ಒಂದ್ಸಲ ಬಾವಿ ಹತ್ರದ ಸಾಲಿನ ತನಕ ನಡೀಬೇಕು ಅಂದ್ರು. ಅಮ್ಮ ಗಂಜಿ ಲೋಟ ಹಿಡ್ಕೊಂಡು ಅಲ್ಲೇ ನಿಂತಿದ್ರು, ಒಳಗೆ ಹೋಗಿ ಅತ್ರು.

ಬೆಂಗಳೂರಿಗೆ ರಿಪೋರ್ಟ್ ತಗೊಂಡು ಹೋದೆ, ಆಮೇಲೆ ಅಪ್ಪನ್ನೂ ಕಾರಲ್ಲಿ ಮಲಗಿಸ್ಕೊಂಡು ಹೋದ್ವಿ. ಮಾರ್ಫಿನ್ ಶುರು ಮಾಡಿದಾರೆ, ಜೊತೆಗೆ ಮಲಬದ್ಧತೆ ಮಾತ್ರೆ, ವಾಕರಿಕೆಗೂ ಬೇರೆ ಕೊಟ್ರು. ಎರಡು ದಿನ ಬರೀ ನಿದ್ದೆ, ಹೆದರ್ಕೊಂಡ್ಬಿಟ್ಟಿದ್ವಿ. ಮೂರನೇ ದಿನ ಎದ್ದು ತೋಟಕ್ಕೆ ನೀರು ಬಿಟ್ರಾ ಅಂತ ಕೇಳಿದ್ರು. ಈಗ ಮಲಗ್ತಾರೆ. ನೋವು ಪೂರ್ತಿ ಹೋಗಿಲ್ಲ, ಹತ್ತರಲ್ಲಿ ಎಷ್ಟು ಅಂತ ಕೇಳಿದ್ರೆ ಮೊದಲು ಒಂಬತ್ತು ಅಂತಿದ್ರು ಈಗ ಮೂರು ನಾಲ್ಕು ಅಂತಾರೆ. ನರದ ಬ್ಲಾಕ್‌ಗೆ ಮುಂದಿನ ಬುಧವಾರ ಬನ್ನಿ ಅಂದಿದಾರೆ. ಬಾಟ್ಲಿ ವಿಷ್ಯ ಡಾಕ್ಟ್ರಿಗೆ ಹೇಳಿದ್ವಿ, ಬೈಲಿಲ್ಲ, ಬೇಡ ಅಂದ್ರು, ಬಚ್ಚಲಿಗೆ ಸುರಿದೆ. ಭಾವಮೈದಂಗೆ ಬೇಜಾರಾಗಿದೆ. ಅವ್ನೂ ಪ್ರೀತಿಗೇ ತಂದಿದ್ದು, ಅವ್ನೇ ಮೊನ್ನೆ ಅಪ್ಪನ್ನ ಹೆಗಲು ಕೊಟ್ಟು ಬಾವಿ ತನಕ ನಡೆಸ್ಕೊಂಡು ಹೋಗಿದ್ದು. ಒಂದು ಹತ್ತು ನಿಮಿಷ ಅಲ್ಲಿ ಕೂತಿದ್ರು. ವಿಜಯಾ ವಿಷ್ಯ ಬ್ಲಾಕ್ ಆದ್ಮೇಲೆ ನೋಡಣ ಅಂದಿದಾರೆ, ನಿದ್ದೆ ಬರ್ತಿರೋದ್ರಿಂದ ಈಗ ಬೇಡ ಅಂತ.

ಒಂದು ಕೇಳ್ಬೇಕಿತ್ತು ಸಿಸ್ಟರ್, ನಾಲ್ಕು ಗಂಟೆಗೊಂದ್ಸಲ ಅಂದ್ರೆ ರಾತ್ರಿ ಎರಡು ಗಂಟೆಗೂ ಎಬ್ಬಿಸಿ ಕೊಡ್ಬೇಕಾ? ಇಷ್ಟು ದಿನಕ್ಕೆ ನಿದ್ದೆ ಬಂದಿದೆ, ಎಬ್ಬಿಸಕ್ಕೆ ಮನಸ್ಸು ಬರಲ್ಲ.

ಸಿಸ್ಟರ್_ಮೈಸೂರು

ಮಲಗೋ ಮುಂಚಿನ ಡೋಸನ್ನ ಎರಡರಷ್ಟು ಮಾಡಿ ನಡುರಾತ್ರಿದನ್ನ ಬಿಡೋ ಪದ್ಧತಿ ಇದೆ, ಎಷ್ಟೋ ಜನಕ್ಕೆ ಹಂಗೇ ಕೊಡೋದು. ಆದ್ರೆ ಲಿವರ್ ಇರೋ ಸ್ಥಿತಿಗೆ ನೀವಾಗೇ ಮಾಡ್ಬೇಡಿ, ಅವ್ರು ಕೊಟ್ಟಿರೋ ನಂಬರ್‌ಗೆ ಫೋನ್ ಮಾಡಿ ಕೇಳಿ, ಇದನ್ನ ಕೇಳಕ್ಕೇ ಆ ನಂಬರ್ ಇರೋದು. ಬುಧವಾರಕ್ಕೆ ಹೋಗುವಾಗ ಮಾತ್ರೆ ಎಷ್ಟು ಉಳಿದಿದೆ ಎಣಿಸ್ಕೊಂಡು ಹೋಗಿ, ಹಬ್ಬದ ರಜೆ ನಡುವೆ ಬರುತ್ತೆ, ಅಷ್ಟೂ ದಿನಕ್ಕೆ ಸಾಕಾಗೋ ಹಂಗೆ ಬರೆಸ್ಕೊಳಿ. ಖಾಲಿ ಸ್ಟ್ರಿಪ್ ಎಸೀಬೇಡಿ, ವಾಪಸ್ ಕೇಳ್ತಾರೆ.